ಬಿಸಿಲಿಗೆ ಚೇತರಿಸಿಕೊಂಡ ಹುಳುಗಳು

ಶಿವನಿ ಊರಿನ ಹೊಲದಲ್ಲಿ ಔಷಧಿ ಹೊಡೆದು ಬಂದ ಸಂಜೆಯೇ ಓಂಕಾರಮೂರ್ತಿ ತೀರಿಕೊಂಡಿದ್ದ. ಆಮೇಲೆ ಅವನ ಹೆಂಡತಿ ಪಂಕಜಾಕ್ಷಿಗೆ ಉಳಿದದ್ದು ಒಂದೇ ಹಟ: ಮೈದುನ ಕಲ್ಲೇಶಪ್ಪ ಆ ವಿಷದ ಡಬ್ಬಿ ಮುಟ್ಟಬಾರದು.

ಕೃಷಿ ಕಾಲೇಜಿನಲ್ಲಿ ಅವಳು ಓದಿದ್ದು ಕೀಟಗಳಿಗೆ ಬರುವ ರೋಗವನ್ನೇ. ಚಳಿಗಾಲದಲ್ಲಿ ಕಡಲೆಗೆ ಕಾಯಿಕೊರಕ ಬಿದ್ದಾಗ ಒಂದಷ್ಟು ಹುಳುಗಳಿಗೆ ಅವುಗಳನ್ನೇ ಕೊಲ್ಲುವ ವೈರಸ್ ತಿನ್ನಿಸಿ, ಸತ್ತವನ್ನು ಅರೆದು ಸೋಸಿ, ಬೆಲ್ಲದ ನೀರಿಗೆ ಬೆರೆಸಿ ಹೊತ್ತು ಇಳಿದ ಮೇಲೆ ಹೊಡೆಸಿದಳು. ಮನೆಯ ಒರಳಲ್ಲಿ ಹುಳು ಅರೆಯಲು ಅತ್ತೆ ಬಿಡದೆ ಬೇರೆ ಒರಳು ತರಿಸಿದ್ದಾಯಿತು. ವಾರದೊಳಗೆ ಹುಳುಗಳು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ಜೋತು, ಕರಗಿ ಸೋರಿಹೋದವು.

"ಅತ್ತಿಗೆ, ಇನ್ನು ಆ ಡಬ್ಬಿ ಸಾವಾಸ ಬ್ಯಾಡ ಕಣ್ರೀ," ಎಂದು ಕಲ್ಲೇಶಪ್ಪ ತಾನಾಗಿಯೇ ಹೇಳಿದ.

ಯುಗಾದಿ ಕಳೆದ ಮೇಲೆ ಸೂರ್ಯಕಾಂತಿಗೆ ಅದೇ ಹುಳು ಬಿತ್ತು. ಅವಳು ಅದೇ ನೀರು ಹೊಡೆಸಿದಳು. ಹುಳುಗಳು ಒಂದೆರಡು ದಿನ ಮಂಕಾಗಿದ್ದು ಮತ್ತೆ ಮೇಯತೊಡಗಿದವು. ಆ ಹೊಲದ್ದೇ ಕೆಲವನ್ನು ತಂದು, ಒದ್ದೆ ಗೋಣಿ ಸುತ್ತಿದ ತಣ್ಣನೆಯ ಮಡಕೆಯಲ್ಲಿ ಸಾಕಿದಳು. ಅವೆಲ್ಲ ಸತ್ತವು. ಹೊಲದಲ್ಲಿ ಉಳಿದವು ಹೂವಿನ ಮೇಲೆ ಬಿಸಿಲಿಗೆ ಬೆನ್ನು ಕಾಯಿಸಿಕೊಂಡು ಕೊಬ್ಬಿದ್ದವು. ವೈರಸ್ ಕೆಟ್ಟಿರಲಿಲ್ಲ, ಕಾದ ಮೈಯೊಳಗೆ ಅದು ಬೆಳೆಯಲಾರದೆ ಹುಳುವೇ ರೋಗವನ್ನು ಗೆಲ್ಲುತ್ತಿತ್ತು.

ಅದನ್ನು ಕೇಳಿ ಕಲ್ಲೇಶಪ್ಪ ನಕ್ಕ. "ಹಂಗಾದ್ರೆ ಹೊಲಕ್ಕೆಲ್ಲ ಒದ್ದೆ ಗೋಣಿ ಹೊದಿಸ್ಲಾ? ಹುಳ ನಿಮಗಿಂತ ಜಾಸ್ತಿ ಓದ್ಕಂಡೈತೆ ಬಿಡಿ."

"ಒಂದು ಮಳೆ ಬಂದು ತಂಪಾಗೋವರೆಗೆ ತಡಿ ಕಲ್ಲೇಶ."

"ಅಷ್ಟೊತ್ತಿಗೆ ಬರೀ ದಂಟು ಇರ್ತದೆ. ಅಣ್ಣನ ಹಣೇಲಿ ಬರೆದಿತ್ತು, ಹೋಯ್ತು. ಎಲ್ರಿಗೂ ಹಂಗೇ ಆಗ್ತದಾ?"

ಮಾರನೆಯ ದಿನ ಅಜ್ಜಂಪುರದಿಂದ ಡಬ್ಬಿ ತಂದ. ಅವಳೂ ಹೊಲದವರೆಗೆ ಹೋದಳು. ಎರಡು ಪ್ಲಾಸ್ಟಿಕ್ ಚೀಲಗಳನ್ನು ಅವನ ಕೈಗಳಿಗೆ ತೊಡಿಸಿ, ಮಣಿಕಟ್ಟಿಗೆ ದಾರ ಸುತ್ತಿದಳು.

"ಮದುಮಗನಿಗೆ ಕಂಕಣ ಕಟ್ದಂಗಾಯ್ತಲ್ಲ ಅತ್ತಿಗೆ!"

ಅವಳು ಇನ್ನೊಂದು ಗಂಟು ಹಾಕಿದಳು.

ಬದು ದಾಟುವಷ್ಟರಲ್ಲಿ ಸೆಕೆ ತಾಳಲಾರದೆ ಅವನು ಅಂಗಿ ಬಿಚ್ಚಿದ. ಹಲ್ಲಿನಿಂದ ದಾರ ಕಡಿದು ಚೀಲಗಳನ್ನೂ ಕಿತ್ತೆಸೆದು, ಬರಿಗೈಯಲ್ಲಿ ಡಬ್ಬಿಯ ಮುಚ್ಚಳ ತಿರುಗಿಸಿದ.

ಪಂಕಜಾಕ್ಷಿ ಬಿಸಿಲಲ್ಲೇ ನಿಂತು ಅವನ ಬರಿಗೈಗಳನ್ನೇ ನೋಡುತ್ತಿದ್ದಳು. ನೆರಳಿಗೆ ಹೋಗಲಿಲ್ಲ.