ಕೊಡದಲ್ಲಿದ್ದ ಕಾಳು

ಬಾವುಟದ ಒಂದು ತುದಿ ಹೊಳೆಪ್ಪನ ಕೈಯಲ್ಲಿತ್ತು, ಇನ್ನೊಂದು ತುದಿ ಗುರುರಾಜನ ಕೈಯಲ್ಲಿ. ನಡುವೆ ಮನೆಯ ಕಟ್ಟೆಯ ಮೇಲೆ ಸತ್ತೆಪ್ಪ ಮಲಗಿದ್ದ, ಮೂಗಿಗೆ ಹತ್ತಿ, ಹಣೆಗೆ ಭಂಡಾರ.

“ಸಂಘದ ಅಧ್ಯಕ್ಷ ನಾನ. ಬಾವುಟ ಹೊದಸೂದು ನನ್ನ ಕೆಲಸ,” ಎಂದ ಹೊಳೆಪ್ಪ.

“ರವಿವಾರದ ತನಕ ಅಧ್ಯಕ್ಷ. ಆಮ್ಯಾಲ ನೋಡೂಣು,” ಎಂದ ಗುರುರಾಜ.

ರವಿವಾರ ಸಕ್ಕರೆ ಫ್ಯಾಕ್ಟರಿಯ ಕಾರ್ಮಿಕ ಸಂಘದ ಚುನಾವಣೆ. ಸಂಘ ಒಂದೇ, ಬಾವುಟ ಒಂದೇ, ಗುಂಪು ಮಾತ್ರ ಎರಡು. ಸತ್ತೆಪ್ಪನ ಊರಾದ ತುಕ್ಕಾನಟ್ಟಿಗೆ ಮಣ್ಣು ಕೊಡಲೆಂದು ಬಂದ ಟೆಂಪೋದಲ್ಲೂ ಹೊಳೆಪ್ಪನ ಕಡೆಯವರು ಮುಂದೆ, ಗುರುರಾಜನ ಕಡೆಯವರು ಹಿಂದೆ ಕೂತು ಬಂದಿದ್ದರು. ಹೆಣದ ಮುಂದೆ ನಿಂತರೂ ಬುದ್ಧಿ ಬರಲಿಲ್ಲವಲ್ಲ ಇವರಿಗೆ!

ಅಲ್ಲವ್ವ ಗೋಡೆಗೆ ಒರಗಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಮಳೆಗಾಲವಿಡೀ ಅವನನ್ನು ಕಟ್ಟಿಕೊಂಡು ಘಟಪ್ರಭಾದ ದವಾಖಾನೆಗೆ ಅಲೆದವಳಿಗೆ ಅಳುವ ತ್ರಾಣವೂ ಉಳಿದಿರಲಿಲ್ಲ. ಹೊಳೆಪ್ಪ ಬಾವುಟ ಬಿಟ್ಟು ಅವಳ ಹತ್ತಿರ ಬಂದ.

“ವೈನಿ, ಜರಾ ಬಾಜೂ ಬರ್ರಿ.” ದನದ ಕೊಟ್ಟಿಗೆಯ ಮರೆಗೆ ಕರೆದೊಯ್ದು ದನಿ ತಗ್ಗಿಸಿದ. “ಫ್ಯಾಕ್ಟರ್ಯಾಗ ಸತ್ತೆಪ್ಪನ ಜಾಗಾ ನಿಮ್ಮ ವಿಜಯಶ್ರೀಗೆ ಕೊಡಸ್ತೀನಿ. ಸಂಘದ ಮಾತಿಲ್ಲದ ಅದು ಆಗೂದಿಲ್ಲ, ನಿಮಗೂ ಗೊತ್ತೈತಿ. ಮಣ್ಣು ಕೊಡೂ ಮುಂದ ಮಂದಿ ಎದುರಿಗೆ ಒಂದ ಮಾತು ಹೇಳ್ರಿ. ನಮ್ಮ ಮನ್ಯಾವ್ರು ಹೊಳೆಪ್ಪನ ಕಡ್ಯಾವ್ರು ಇದ್ರು ಅಂತ. ಅಷ್ಟ ಸಾಕು.”

ಗುರುರಾಜನೂ ಬೆಳಿಗ್ಗೆ ಬಂದವನೇ ಇದೇ ಆಸೆ ತೋರಿಸಿದ್ದ. ತಾನು ಗೆದ್ದರೆ, ಎಂದು ಮಾತ್ರ ಸೇರಿಸಿದ್ದ.

“ಬದುಕಿದ್ದಾಗ ಇಬ್ಬರಿಗೂ ಬ್ಯಾಡಾಗಿದ್ರಲ್ರಿ ಅವ್ರು,” ಎಂದಳು ಅಲ್ಲವ್ವ. ಹೊಳೆಪ್ಪ ಹೊರಗೆ ಹೋಗಿ ಮತ್ತೆ ಬಾವುಟದ ತುದಿ ಹಿಡಿದ.

ಮಗಳು ವಿಜಯಶ್ರೀ ಹಿಂದೆಯೇ ನಿಂತಿದ್ದಳು. ಬಿ.ಕಾಂ. ಮುಗಿಸಿಯೂ ಮೂಡಲಗಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವ ಹುಡುಗಿ.

“ಹೇಳಿಬಿಡು, ಯವ್ವಾ. ಅಪ್ಪಗ ಈಗೇನು ಗೊತ್ತಾಕೈತಿ?”

ಅಲ್ಲವ್ವನಿಗೆ ಮಗಳ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ, ಅದೇ ಅವಳ ಸಂಕಟ.

*

ಫ್ಯಾಕ್ಟರಿಯ ಗೇಟಿನ ಮುಂದೆ ಕೈ ಎತ್ತಿ ಅಧ್ಯಕ್ಷನನ್ನು ಆರಿಸುವುದು ಸಂಘದ ರೂಢಿ. ಯಾರ ಕೈ ಮೇಲೆ ಹೋಯಿತು, ಯಾರದು ಹೋಗಲಿಲ್ಲ ಎಂಬುದರ ಫಲ ಮರುದಿನದಿಂದಲೇ ಕೆಲಸ ಹಂಚುವಾಗ ಗೊತ್ತಾಗುತ್ತಿತ್ತು. ಹಿಂದಿನ ಚುನಾವಣೆಗೆ ಸತ್ತೆಪ್ಪ ಮನೆಯ ತಾಮ್ರದ ಕೊಡ ಹೊತ್ತುಕೊಂಡು ಹೋದ. ಜೊತೆಗೆ ಒಂದಿಷ್ಟು ಜೋಳ, ಒಂದಿಷ್ಟು ತೊಗರಿ.

“ಜೋಳ ಹೊಳೆಪ್ಪಗ, ತೊಗರಿ ಗುರುರಾಜಗ. ಎಲ್ಲಾರೂ ಎರಡೂ ಕಾಳು ತಗೋರಿ. ಒಬ್ಬೊಬ್ರಾಗಿ ಬರ್ರಿ, ಮುಷ್ಟಿ ಮುಚ್ಚಿಕೊಂಡು ಬರ್ರಿ. ಬೇಕಾದ್ದು ಕೊಡದಾಗ ಬಿಟ್ಟು, ಉಳಿದದ್ದು ಕಿಸೆದಾಗ ಇಟ್ಕೊಂಡು ಹೋಗ್ರಿ. ಯಾರ ಹೆದರಿಕಿನೂ ಇಲ್ಲ.”

“ನನ್ನ ಮಂದಿ ಕದ್ದು ಹಾಕಾಕ ಕಳ್ಳರೇನೋ?” ಎಂದ ಹೊಳೆಪ್ಪ. “ಖರೆ ಮಾತು,” ಎಂದ ಗುರುರಾಜ. ಇಬ್ಬರೂ ಒಪ್ಪಿದ್ದು ಜನ್ಮದಲ್ಲಿ ಅದೊಂದೇ.

ಬಾಯ್ಲರಿನಲ್ಲಿ ಸತ್ತೆಪ್ಪನ ಜೋಡಿ ದುಡಿಯುತ್ತಿದ್ದ ಭೀಮೇಶ ಕೊಡದತ್ತ ಒಂದು ಹೆಜ್ಜೆ ಇಟ್ಟ. ಹೊಳೆಪ್ಪ ಅವನನ್ನು ದುರುಗುಟ್ಟಿ ನೋಡಿದ. ಭೀಮೇಶ ಅಲ್ಲಿಯೇ ನಿಂತು ಎಲ್ಲರಿಗಿಂತ ಮೇಲೆ ಕೈ ಎತ್ತಿದ. ಕೊಡದಲ್ಲಿ ಮುಷ್ಟಿ ಬಿಚ್ಚಿದವನು ಸತ್ತೆಪ್ಪ ಒಬ್ಬನೇ.

ಯಾರಿಗೂ ಕೈ ಎತ್ತಲಿಲ್ಲವೆಂದರೆ ಆಚೆ ಕಡೆಯವನೇ ಎಂದು ಎರಡೂ ಗುಂಪಿನವರು ತಿಳಿದರು. ಗೆದ್ದ ಹೊಳೆಪ್ಪ ಮೇಲಿನವರಿಗೆ ಹೇಳಿ ಅವನನ್ನು ಬಾಯ್ಲರಿನಿಂದ ಕಬ್ಬಿನ ಸಿಪ್ಪೆಯ ರಾಶಿಗೆ ಹಾಕಿಸಿದ. ನಮ್ಮವನಲ್ಲ, ನಮಗ್ಯಾಕ ಎಂದು ಗುರುರಾಜ ಸುಮ್ಮನಾದ. ಆ ಸಿಪ್ಪೆಯ ಧೂಳೇ ಸತ್ತೆಪ್ಪನ ಎದೆಗೆ ಇಳಿಯಿತು.

ಚುನಾವಣೆಯ ದಿನ ಸಂಜೆ ಅಲ್ಲವ್ವ ಕೇಳಿದ್ದಳು. “ಯಾರಿಗೆ ಹಾಕಿದ್ರಿ?”

“ಹೇಳಿದ್ರ ಗುಟ್ಟು ಹೆಂಗಾಕೈತಿ?” ಎಂದು ಅವನು ಕೊಡವನ್ನು ಅಂಗಳದಲ್ಲಿ ಬೋರಲು ಹಾಕಿದ. ಅವಳು ಬಗ್ಗಿ ನೋಡುವಷ್ಟರಲ್ಲಿ ಕೋಳಿ ಓಡಿಬಂದು ಇದ್ದ ಒಂದೇ ಕಾಳನ್ನು ನುಂಗಿಬಿಟ್ಟಿತು. ಸತ್ತೆಪ್ಪ ಬಿದ್ದು ಬಿದ್ದು ನಕ್ಕ. ಅವನು ಹಾಗೆ ನಕ್ಕಿದ್ದನ್ನು ಆಮೇಲೆ ಅವಳು ನೋಡಲಿಲ್ಲ.

*

ಹೊಲದ ಬದುವಿನ ಪಕ್ಕದಲ್ಲಿ ತೋಡಿದ ಗುಂಡಿಯಲ್ಲಿ ಸತ್ತೆಪ್ಪನನ್ನು ಇಳಿಸಿದರು. ಮಣ್ಣು ಕೊಟ್ಟವರು ಕೈ ತೊಳೆಯಲೆಂದು ವಿಜಯಶ್ರೀ ಅದೇ ತಾಮ್ರದ ಕೊಡದಲ್ಲಿ ನೀರು ತಂದು ನಿಂತಿದ್ದಳು. ಹೊಳೆಪ್ಪ ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

“ಸುಮ್ಕಾಗ್ರಿ ಎಲ್ಲಾರೂ. ವೈನ್ಯಾರು ಒಂದ ಮಾತು ಹೇಳ್ತಾರ.”

ಗುರುರಾಜನ ಮುಖ ಬಿಗಿಯಿತು. ಅಲ್ಲವ್ವ ಮಗಳನ್ನು ನೋಡಿದಳು, ಮಗಳ ಕಂಕುಳಲ್ಲಿದ್ದ ಕೊಡ ನೋಡಿದಳು.

“ಯಾರ ಕಡೆ ಇದ್ರು ಅಂತ ಅವ್ರು ನನಗೂ ಹೇಳಲಿಲ್ರಿ. ಅದು ಗೊತ್ತಿದ್ದದ್ದು ನಮ್ಮ ಕೋಳಿಗೆ ಒಂದಕ್ಕ. ಬೇಕಾದ್ರ ಅದನ್ನ ಕೇಳ್ರಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

“ಬಾವುಟ ಬ್ಯಾಡ. ಬಂದೀರಿ, ಮಣ್ಣು ಕೊಟ್ಟು ಹೋಗ್ರಿ. ನನಗ ಸಾಕಾಗೈತಿ.” ಅವಳು ಬದುವಿನ ಮೇಲೆ ಕುಸಿದು ಕುಳಿತಳು. “ನೌಕರಿ ಹೋತು ನೋಡವ್ವ ನಿಂದು,” ಎಂದಳು ಮಗಳಿಗೆ.

“ಇರಲಿ ಬಿಡು. ದಿನಕರ್ಮ ಆದಮ್ಯಾಲ ಅಂಗಡಿಗೆ ಹೋಗ್ತೀನಿ.” ವಿಜಯಶ್ರೀಯ ಕಣ್ಣಿಂದ ನೀರು ಇಳಿಯುತ್ತಿತ್ತು. ಕೊಡ ಹಿಡಿದಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ.

ಊರಿನ ಹಿರಿಯ ಅಣ್ಣಪ್ಪ ಕಾಕಾ ಕೂಗಿದ. “ಹೊತ್ತಾತು. ಒಬ್ಬೊಬ್ರಾಗಿ ಬರ್ರಿ.”

ಫ್ಯಾಕ್ಟರಿಯವರು ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡರು. ಮುಂದೆ ಕೂತು ಬಂದವರು ಯಾರು, ಹಿಂದೆ ಕೂತು ಬಂದವರು ಯಾರು ಎಂದು ತಿಳಿಯದಂತೆ ಸಾಲು ಕಲೆತುಹೋಯಿತು. ಎಲ್ಲರಿಗಿಂತ ಮುಂದೆ ಭೀಮೇಶ. ಅವನು ಮೊಣಕಾಲೂರಿ, ಗುಂಡಿಯೊಳಗೆ ಮೊಣಕೈ ತನಕ ತೋಳು ಇಳಿಸಿ, ಅಲ್ಲಿ ಮುಷ್ಟಿ ಬಿಚ್ಚಿದ. ಹಿಂದಿನವನೂ ಹಾಗೆಯೇ ಮಾಡಿದ, ಅವನ ಹಿಂದಿನವನೂ.

ಹೊಳೆಪ್ಪ ಗುಂಡಿಯ ಆಚೆ ಬದಿಯಲ್ಲಿ ನಿಂತು, ಗೇಟಿನ ಮುಂದೆ ನೋಡುವ ರೂಢಿಯಂತೆ, ಒಬ್ಬೊಬ್ಬರ ಕೈ ನೋಡುತ್ತಿದ್ದ. ಎಲ್ಲರ ಮುಷ್ಟಿಯೂ ಮುಚ್ಚಿತ್ತು.