ಎಡಗಾಲಿನ ಕ್ರ್ಯಾಂಕು

ಮುರಿದ ಕ್ರ್ಯಾಂಕನ್ನು ಗೈಬುಸಾಬನ ಸೈಕಲ್ ಅಂಗಡಿಯ ಮುಂದೆ ಹಾಕಿದಾಗ ನಾಲತವಾಡದ ಅರ್ಧ ಸಂತೆ ಅಲ್ಲೇ ಇತ್ತು. ಹಾಕಿದೆ ಅನ್ನುವುದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ಬೀಸಿ ಒಗೆದೆ. ಪೆಡಲಿಗೂ ನಡುವಿನ ಅಚ್ಚಿಗೂ ಮಧ್ಯೆ ಇರುವ ಗೇಣುದ್ದದ ಆ ಕಬ್ಬಿಣದ ತುಂಡು, ಅವನು ಪಂಚರ್ ನೋಡುವ ನೀರಿನ ತಗಡಿನ ಬುಟ್ಟಿಗೆ ಬಡಿದು ಅವನ ಮುಖದ ಮೇಲೆಲ್ಲ ನೀರು ಹಾರಿತು.

"ಇದು ಎರಡನೇದು, ಗೈಬುಸಾಬ್ರ! ನನ್ನ ಮಣಕಾಲು ನೋಡ್ರಿ. ನೀವು ಕ್ರ್ಯಾಂಕ್ ಕೊಟ್ರ್ಯೋ, ಬತ್ತಾಸ ಕೊಟ್ರ್ಯೋ?"

ಐವತ್ತು ದಾಟಿದ ಆ ಮನುಷ್ಯ ಸಿಟ್ಟಾಗಲಿಲ್ಲ. ಮುಖ ಒರೆಸಿಕೊಂಡು, ತುಂಡನ್ನು ಎತ್ತಿ, ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ನನ್ನ ಸೈಕಲ್ಲಿನ ಎಡ ಪೆಡಲನ್ನು ಮುಟ್ಟಿ ನೋಡಿದ. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಕಳ್ಳನ ಲಕ್ಷಣ ಅಂದುಕೊಂಡೆ.

ನನ್ನ ಸಿಟ್ಟಿಗೆ ಕಾರಣವಿತ್ತು. ಅದು ೧೯೭೭ರ ಚಳಿಗಾಲ. ನಾನು ಆ ಭಾಗದ ಏಳು ಹಳ್ಳಿಗಳಿಗೆ ಒಬ್ಬಳೇ ನರ್ಸು. ಗುಡ್ಡದಾಚೆಯ ಬೇವಿನದೊಡ್ಡಿಯಲ್ಲಿ ಹಿಂದಿನ ವರ್ಷ ನಾಯಿಕೆಮ್ಮು ನಾಲ್ಕು ಮಕ್ಕಳನ್ನು ತಿಂದಿತ್ತು. ಅದಕ್ಕೆ ಲಸಿಕೆ ಇತ್ತು, ತಿಂಗಳಿಗೊಂದರಂತೆ ಮೂರು ಸೂಜಿ. ಆದರೆ ಆ ಮದ್ದಿಗೆ ಬಿಸಿಲು ತಾಗಬಾರದು. ಮುದ್ದೇಬಿಹಾಳದಿಂದ ಹತ್ತು ಗಂಟೆಯ ಬಸ್ಸಿಗೆ ಥರ್ಮಾಸಿನಲ್ಲಿ ಬರ್ಫದ ಜೊತೆ ಬರುತ್ತಿತ್ತು; ಮಧ್ಯಾಹ್ನ ಒಂದು ಗಂಟೆ ಹೊಡೆಯುವಷ್ಟರಲ್ಲಿ ಬರ್ಫವೆಲ್ಲ ನೀರು. ಗಾಡಿದಾರಿ ಸುತ್ತಿ ಹೋದರೆ ನಾಲ್ಕು ತಾಸು. ಗುಡ್ಡ ದಾಟಿದರೆ ಒಂದೂವರೆ ತಾಸು, ಅದೂ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಿ, ಆಚೆ ಕಲ್ಲು ಇಳಿಜಾರಿನಲ್ಲಿ ತುಳಿಯದೆ ಬಿಟ್ಟುಕೊಂಡು ಹೋದರೆ ಮಾತ್ರ. ಮಧ್ಯಾಹ್ನವಾದರೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದರು.

ಹಿಂದಿನ ವರ್ಷ ಜನರನ್ನು ಹಿಡಿದೊಯ್ದು ಮಕ್ಕಳಾಗದಂತೆ ಮಾಡಿದ ಆಪರೇಷನ್ ಗಲಾಟೆಯ ಹೆದರಿಕೆ ಇನ್ನೂ ಹೋಗಿರಲಿಲ್ಲ. ಬಿಳಿ ಸೀರೆ ಕಂಡರೆ ದೊಡ್ಡಿಯ ಜನ ಜೋಳದೊಳಗೆ ಓಡುತ್ತಿದ್ದರು. ಮೊದಲ ಸೂಜಿಗೆ ನಲವತ್ತರಲ್ಲಿ ಹತ್ತೊಂಬತ್ತು ಮಕ್ಕಳನ್ನು ಗೋಗರೆದು ಕೂಡಿಸಿದ್ದೆ. ಆ ದಿನವೇ ಇಳಿಜಾರಿನಲ್ಲಿ ಮೊದಲನೇ ಕ್ರ್ಯಾಂಕು ಮುರಿದಿತ್ತು. ಕೊನೆಯ ಬರ್ಫದ ಚೂರು ಕರಗುವಷ್ಟರಲ್ಲಿ ಹೇಗೋ ಓಡಿ ಮುಟ್ಟಿದ್ದೆ. ಈಗ ಎರಡನೇ ಸೂಜಿಗೆ ನಾಲ್ಕೇ ದಿನ ಉಳಿದಿತ್ತು, ಎರಡನೇ ಕ್ರ್ಯಾಂಕೂ ಹೋಗಿತ್ತು. ಈ ಸಲ ತಪ್ಪಿದರೆ ಆ ಹತ್ತೊಂಬತ್ತು ಮಕ್ಕಳ ಮೊದಲ ಸೂಜಿಯೂ ದಂಡವಾಗುತ್ತದೆ ಎಂಬ ಭಯ ನನಗೆ.

"ಗಟ್ಟಿ ಇರಬೇಕು, ಹಗುರೂ ಇರಬೇಕು," ಅಂದೆ. "ಎರಡೂ ಬೇಕು ನನಗ. ಅಲ್ಲಿ ಹತ್ತೊಂಬತ್ತು ಕೂಸುಗಳು ಕಾಯಾಕತ್ತಾವ!"

ಗೈಬುಸಾಬ ಮೂರು ಕ್ರ್ಯಾಂಕು ತಂದು ಗೋಣಿಯ ಮೇಲೆ ಇಟ್ಟ. ಮೊದಲನೆಯದು ಕಮ್ಮಾರನಿಂದ ಗಾಡಿ ಅಚ್ಚಿನ ಕಬ್ಬಿಣದಲ್ಲಿ ಬಡಿಸಿದ್ದು. ಎತ್ತಿ ನೋಡಿದೆ, ಅದನ್ನು ಹೊತ್ತು ಗುಡ್ಡ ಹತ್ತುವ ಬದಲು ಒನಕೆ ಹೊರುವುದೇ ವಾಸಿ. ಎರಡನೆಯದು ಸಾಲಾಗಿ ತೂತು ಕೊರೆದದ್ದು. ನಾಗರಪಂಚಮಿಯ ಪಣಕ್ಕೆ ಸೈಕಲ್ ಓಡಿಸುವ ಹುಡುಗರು ಭಾರ ಇಳಿಸಲು ಹಾಗೆ ಮಾಡಿಸಿಕೊಳ್ಳುತ್ತಿದ್ದರು. ಹೂವಿನಷ್ಟು ಹಗುರ. ನನ್ನ ಮುಖ ಅರಳಿದ್ದು ನೋಡಿ ಅವನು ತಲೆ ಅಲ್ಲಾಡಿಸಿದ.

"ಬ್ಯಾಡ್ರಿ ಬಾಯಾರ. ಇದು ಸಪಾಟ ರಸ್ತೇದ್ದು. ಕಲ್ಲಿನ ಮ್ಯಾಲೆ ಒಂದ ಜಿಗಿತಕ್ಕ ತೂತಿನ ಹತ್ತರ ಮುರೀತೈತಿ."

ಮೂರನೆಯದು ನಿವೃತ್ತ ಮಾಸ್ತರರೊಬ್ಬರ ಹಳೆಯ ಸೈಕಲ್ಲಿನದು. ಸಪೂರ, ನೋಡಲು ಏನೂ ಅಲ್ಲ. ಮೂರನ್ನೂ ಒಂದೊಂದಾಗಿ ದಾರಕ್ಕೆ ಕಟ್ಟಿ ತೂಗಬಿಟ್ಟು ಸ್ಪೋಕಿನ ತುಂಡಿನಿಂದ ಬಾರಿಸಿದ. ದಪ್ಪನೆಯದು ಟಕ್ ಅಂತು. ತೂತಿನದು ಅರೆಕ್ಷಣ ಕುಯ್ಗುಟ್ಟಿತು. ಮಾಸ್ತರರದು ಮಾತ್ರ ತುಂಬ ಹೊತ್ತು ಗುಂಯ್ ಅನ್ನುತ್ತಲೇ ಇತ್ತು. ಪಕ್ಕದ ಮೆಣಸಿನಕಾಯಿ ಅಂಗಡಿಯವನೂ ಚೌಕಾಸಿ ನಿಲ್ಲಿಸಿ ಕೇಳಿದ.

"ಒಳಗ ಬಿರುಕಿದ್ರ ಕಬ್ಬಿಣ ಹಿಂಗ ಹಾಡೂದಿಲ್ಲ್ರಿ," ಅಂದ ಗೈಬುಸಾಬ. ಅದನ್ನು ಕೂರಿಸಿ, ಪಿನ್ನು ಬಡಿದು, ಎದ್ದು ನಿಂತ. ಅಲ್ಲಿಗೆ ಸುಮ್ಮನಿದ್ದರೆ ನಾನು ಕೈಮುಗಿದು ಹೋಗುತ್ತಿದ್ದೆ. ಆದರೆ ಅವನು ನೆಲ ನೋಡುತ್ತ, "ಇದೂ ಎಷ್ಟು ದಿನ ತಡೀತೈತೋ ಹೇಳಾಕ ಬರೂದಿಲ್ಲ್ರಿ," ಅಂದುಬಿಟ್ಟ.

"ಮತ್ತ ಯಾವುದು ತಡೀತೈತಿ?"

ಅವನು ಒಂದು ಟ್ಯೂಬು ಎಳೆದುಕೊಂಡು ಬುಟ್ಟಿಯ ನೀರಿಗೆ ಅದ್ದತೊಡಗಿದ. ಸೈಕಲ್ ತಳ್ಳಿಕೊಂಡು ಮನೆಗೆ ಬರುವವರೆಗೂ ಅವನನ್ನು ಬೈಯುತ್ತಲೇ ಬಂದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನ ಹೆಂಡತಿ ಲಾಲಬಿ ಬಂದಳು. ಕೂತಳು, ಚಹಾ ಕುಡಿದಳು, ಚಳಿಯ ಬಗ್ಗೆ ಮಾತಾಡಿದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಮ್ಮನಿಯವರು ಕಳಿಸ್ಯಾರ. ಒಂದು ಮಾತು ಹೇಳಬೇಕಂತ ತಿಂಗಳಿಂದ ಒದ್ದಾಡಾಕತ್ತಾರ, ಬಾಯಿ ಬರವಲ್ದು. ನಿಮ್ಮ ಸೈಕಲ್ಲಿನ ಎಡ ಪೆಡಲಿನ ರಬ್ಬರ್ ಪೂರಾ ಸವದೈತಂತ. ಬಲದ್ದು ಹೊಸಾದಿದ್ದಂಗ ಐತಂತ. ಇಳಿಜಾರಿನ್ಯಾಗ ನೀವು ಮೈಭಾರ ಎಲ್ಲಾ ಎಡಗಾಲಿನ ಮ್ಯಾಲೆ ಹಾಕ್ತೀರೇನು?"

ಯೋಚಿಸಿದೆ. ಹೌದು. ಚೈನಿನ ಮೇಲಿನ ತಗಡು ಮೊದಲ ವಾರವೇ ಕಲ್ಲಿಗೆ ಬಡಿದು ಕಿತ್ತುಹೋಗಿತ್ತು. ಚೈನು ಇರುವುದು ಬಲಗಡೆ. ಸೀರೆ ಸಿಕ್ಕೀತೆಂದು ಬಲಗಾಲನ್ನು ಮೇಲೆತ್ತಿ ಹಿಡಿದು, ಎಡ ಪೆಡಲೊಂದರ ಮೇಲೆಯೇ ನಿಂತು ಇಳಿಯುತ್ತಿದ್ದೆ. ಪ್ರತಿ ಕಲ್ಲಿನ ಹೊಡೆತವೂ ಆ ಒಂದೇ ಕ್ರ್ಯಾಂಕಿನ ಮೇಲೆ ಬೀಳುತ್ತಿತ್ತು.

"ಎರಡೂ ಕಾಲು ಸಮ ಇಟ್ಟು ನಿಂತ್ರ ಭಾರ ಹಂಚಿ ಹೋಗ್ತೈತಂತ. ಅದಕ್ಕ..." ಲಾಲಬಿ ತಾನೇ ನಾಚಿಕೊಂಡಳು. "ಸೀರಿ ಕಚ್ಚಿ ಹಾಕಿ ಉಡ್ರಿ."

"ಇಷ್ಟು ಹೇಳಾಕ ತಿಂಗಳು ಬೇಕಾತೇನ? ನನ್ನ ಮಣಕಾಲು ಎರಡು ಸಲ ಒಡದೈತಲ್ಲ!"

"ಮಂದಿ ಹೆಣ್ಮಗಳ ಸೀರಿ ಮಾತು ಗಂಡಸು ಹ್ಯಾಂಗ ಎತ್ತೂದು ಅಂತಾರ. ಅದಕ್ಕ ಕ್ರ್ಯಾಂಕಿನ ಮ್ಯಾಲೆ ಕ್ರ್ಯಾಂಕು ಹುಡುಕಾಕತ್ತಾರ, ಪಾಪ."

ನಗು ಬಂತು. ಸಂತೆಯಲ್ಲಿ ಅವನ ಮಾನ ಕಳೆದದ್ದು ನೆನಪಾಗಿ ನಾಚಿಕೆಯೂ ಆಯಿತು. ಆದರೂ ಆ ಕಚ್ಚೆಯ ಮಾತು ನನಗೆ ಹಿಡಿಸಲಿಲ್ಲ. ಗೊಳಸಂಗಿಯಲ್ಲಿ ನಮ್ಮವ್ವ ಹೊನ್ನವ್ವ ಕಚ್ಚೆ ಹಾಕಿ ಊರವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನಾನು ಓದಿದ್ದು, ತರಬೇತಿಗೆ ಹೋದದ್ದು, ಪಾದದವರೆಗೆ ನೆಟ್ಟಗೆ ಬೀಳುವ ಬಿಳಿ ಸೀರೆಯ ನಿರಿಗೆಗಾಗಿಯೇ ಅನ್ನಬೇಕು. ಮೊದಲ ದಿನ ಆ ನಿರಿಗೆಯನ್ನು ಸವರಿ ಅವ್ವ ಅತ್ತಿದ್ದಳು.

"ನಾ ಕೂಲಿಯಾಕಿ ಅಲ್ಲ, ಲಾಲಬಿ," ಅಂದೆ. ಅಂದ ಮರುಕ್ಷಣ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಲಾಲಬಿ ಬೇಜಾರು ಮಾಡಿಕೊಳ್ಳಲಿಲ್ಲ. "ಹತ್ತೊಂಬತ್ತು ಕೂಸುಗಳು ಅಂತ ಸಂತ್ಯಾಗ ನೀವ ಒದರಿದ್ರಿ," ಅಂದು ಎದ್ದು ಹೋದಳು.

ಗುರುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕಚ್ಚೆ ಹಾಕಿದೆ. ಎರಡು ಸಲ ಬಿಚ್ಚಿಹೋಯಿತು. ಮೂರನೇ ಸಲ, ಯೋಚಿಸುವುದನ್ನು ಬಿಟ್ಟ ಮೇಲೆ, ಕೈ ತಾನಾಗಿಯೇ ಸೆರಗನ್ನು ಸುತ್ತಿ, ನಿರಿಗೆಯನ್ನು ಕಾಲ ಸಂದಿಯಿಂದ ಹಿಂದಕ್ಕೆ ಎಳೆದು ಸಿಕ್ಕಿಸಿತು. ಎಷ್ಟು ವರ್ಷ ನೋಡಿದ್ದೆನೋ ಅದನ್ನು! ಬಸ್ ನಿಲ್ದಾಣದಲ್ಲಿ ಥರ್ಮಾಸು ಇಳಿಸಿಕೊಳ್ಳುವಾಗ ಇಬ್ಬರು ನಕ್ಕರು. ದಿಟ್ಟಿಸಿ ನೋಡಿದೆ, ನಗು ನುಂಗಿಕೊಂಡರು. ಗೈಬುಸಾಬ ಮಾತ್ರ ಟ್ಯೂಬಿನಿಂದ ತಲೆ ಎತ್ತಲಿಲ್ಲ. ನಾನು ಅಂಗಡಿ ದಾಟುವಾಗ ಮೆಲ್ಲಗೆ ಹೇಳಿದ:

"ಎರಡೂ ಕಾಲು ಸಮ, ಬಾಯಾರ."

"ಹೌದ್ರಿ ಗೈಬುಸಾಬ್ರ. ತಪ್ಪಾತು, ಅವತ್ತು ಬಾಳ ಅಂದೆ."

"ಬುಟ್ಟಿಗೇನೂ ಆಗಿಲ್ಲ್ರಿ," ಅಂದ ಅವನು.

ಗುಡ್ಡದ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದೆ. ಒಡೆದ ಮಣಕಾಲಿನ ಗಾಯ ಇನ್ನೂ ಒಣಗಿರಲಿಲ್ಲ. ಎರಡು ಪೆಡಲನ್ನೂ ಸಮಕ್ಕೆ ತಂದು, ಸೀಟಿನಿಂದ ಎದ್ದು ನಿಂತು, ಬಿಟ್ಟೆ. ಮೊದಲ ಕಲ್ಲಿಗೆ ಕಣ್ಣು ಮುಚ್ಚಿದೆ. ಏಟು ಎರಡು ಕಾಲಿಗೂ ಹಂಚಿ ಬಂತು. ಎರಡನೆಯದಕ್ಕೆ ಕಣ್ಣು ತೆರೆದೇ ಇದ್ದೆ. ಹತ್ತನೆಯದರ ಹೊತ್ತಿಗೆ, ಸುಳ್ಳೇಕೆ ಹೇಳಲಿ, ಸಂತೋಷದಿಂದ ಕೂಗುತ್ತಿದ್ದೆ. ಮೂವತ್ತು ವರ್ಷ ವಯಸ್ಸಿನ ಸರ್ಕಾರಿ ನರ್ಸು, ಬಾಲ್ಯದಲ್ಲೂ ಹಾಗೆ ಕೂಗಿರಲಿಲ್ಲ.

ದೊಡ್ಡಿ ಮುಟ್ಟಿದಾಗ ಹನ್ನೊಂದೂವರೆ. ಥರ್ಮಾಸು ಅಲ್ಲಾಡಿಸಿದರೆ ಒಳಗೆ ಬರ್ಫದ ಸದ್ದು. ಬೇವಿನ ಮರದ ಕೆಳಗೆ ನನ್ನ ಹತ್ತೊಂಬತ್ತು ಮಕ್ಕಳ ತಾಯಂದಿರು ಇದ್ದರು. ದೂರದಲ್ಲಿ ಜೋಳದ ಅಂಚಿಗೆ ಇನ್ನುಳಿದವರು, ಓಡಲು ತಯಾರಾಗಿ. ಅವರ ನಡುವಿನಿಂದ ಹುಲಿಗೆವ್ವ ಎಂಬ ಮುದುಕಿ ಕೋಲೂರಿಕೊಂಡು ಬಂದಳು. ಹೋದ ತಿಂಗಳು ಮೊಮ್ಮಗಳನ್ನು ಕಣಜದ ಹಿಂದೆ ಬಚ್ಚಿಟ್ಟವಳು ಅವಳೇ. ನನ್ನ ಸುತ್ತ ಒಂದು ಸುತ್ತು ಬಂದು ಕಚ್ಚೆ ನೋಡಿದಳು.

"ಯಾರ ಮಗಳವ್ವ ನೀ?"

"ಗೊಳಸಂಗಿ ಹೊನ್ನವ್ವನ ಮಗಳು, ಸಿದ್ದಲಿಂಗವ್ವ. ನಮ್ಮವ್ವ ಕೂಲಿಗೆ ಹೊಲದಾಗಿನ ಕಸ ತಗಿಯಾಕ ಹೋಗ್ತಿದ್ಲು." ಈ ಮಾತನ್ನು ನಾನು ನಾಲತವಾಡದಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

ಮುದುಕಿ ಕಟ್ಟೆಯ ಮೇಲೆ ಕೂತು ನೋಡಿದಳು. ನಾನು ಒಂದೊಂದೇ ತೋಳು ಒರೆಸಿ ಸೂಜಿ ಹಾಕುತ್ತ ಹೋದೆ. ಅಳು, ಬೈಗುಳ, ಸಮಾಧಾನ. ಹತ್ತೊಂಬತ್ತನೆಯದು ಮುಗಿಸಿ ತಲೆ ಎತ್ತಿದರೆ ಎದುರಿಗೆ ಇನ್ನೊಂದು ಸಾಲು ನಿಂತಿತ್ತು. ಜೋಳದ ಅಂಚಿನಲ್ಲಿದ್ದವರು ಯಾವಾಗ ಬಂದರೋ ತಿಳಿಯಲಿಲ್ಲ. ಸಾಲಿನ ಮುಂದೆ ಹುಲಿಗೆವ್ವ, ಮೊಮ್ಮಗಳ ತೋಳು ಬಿಚ್ಚಿ ಹಿಡಿದುಕೊಂಡು.

ಸೀಸೆ ಖಾಲಿಯಾಗಿತ್ತು. "ಎವ್ವಾ, ಇವತ್ತ ತಂದ ಮದ್ದು ತೀರಿತು," ಅಂದೆ. "ಬರೂ ತಿಂಗಳು ಎಲ್ಲಾರಿಗೂ ಆಗುವಷ್ಟು ತರ್ತೇನಿ."

"ಆ ಗುಡ್ಡ ಇಳದು ಮತ್ತ ಬರ್ತಿ?"

"ಬರ್ತೇನಿ."

ಆಪರೇಷನ್ ವರ್ಷದಿಂದ ಆ ದೊಡ್ಡಿಯಲ್ಲಿ ಸರ್ಕಾರದ ಪುಸ್ತಕಕ್ಕೆ ಯಾರೂ ಹೆಸರು ಕೊಡುತ್ತಿರಲಿಲ್ಲ. ಸೂಜಿ ಹಾಕಿಸಿಕೊಂಡ ಹತ್ತೊಂಬತ್ತು ಮಕ್ಕಳನ್ನೂ ನಾನು ಬರೀ ಅಂಕಿಗಳಾಗಿ ಬರೆದುಕೊಂಡಿದ್ದೆ. ಹುಲಿಗೆವ್ವ ಕೋಲು ಕೆಳಗಿಟ್ಟಳು. ಮೊಮ್ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

"ಯಲ್ಲವ್ವ ಅಂತ ಇಕಿ ಹೆಸರು," ಅಂದಳು. "ಬರಕೋ."