ಮೂರು ನಿಮಿಷದ ತಿದ್ದುಪಡಿ

ಐವತ್ತೆರಡು ಎನ್ನುವುದೋ, ಐವತ್ತೈದು ಎನ್ನುವುದೋ? ಕೊನೆಯ ದಿನವಾದರೂ ಸರಿಯಾದುದನ್ನೇ ಹೇಳಿಬಿಡಬೇಕೇ? ಫೋನಿನ ಮೇಲೆ ಕೈಯಿಟ್ಟು ಅವನು ಹಾಗೆಯೇ ಕೂತಿದ್ದ. ಟವರಿನ ಗಾಜಿನಾಚೆ ಸಂಜೆಯ ವಿಮಾನ ಆಗಲೇ ರನ್‌ವೇ ಬಿಟ್ಟು ಮೇಲೇರಿ, ಇಳಿಬಿಸಿಲಿನಲ್ಲಿ ಚುಕ್ಕೆಯಾಗುತ್ತಿತ್ತು.

ಅದು ಹೋಗುವ ಊರಿಗೆ ರಸ್ತೆಯಲ್ಲಾದರೆ ಒಂದಿಡೀ ಹಗಲಿನ ದಾರಿ; ವಿಮಾನಕ್ಕೆ ಐವತ್ತೆರಡು ನಿಮಿಷ. ಇಲ್ಲಿಂದ ಹೊರಟ ಕೂಡಲೇ, ಎಷ್ಟು ಹೊತ್ತಿಗೆ ತಲುಪುತ್ತದೆಂದು ಆ ಕಡೆಯ ಟವರಿಗೆ ಫೋನಿನಲ್ಲಿ ತಿಳಿಸುವುದು ಅವನ ಕೆಲಸ. ಹೇಳಿದ್ದು ಮೂರು ನಿಮಿಷ ಆಚೀಚೆಯಾದರೆ ಮತ್ತೆ ಫೋನ್ ಮಾಡಿ ತಿದ್ದಬೇಕು, ಅದು ನಿಯಮ. ಎರಡು ವರ್ಷದಿಂದ ಸಂಜೆಯ ಹೊತ್ತು ಆ ಕಡೆ ಫೋನೆತ್ತುವ ಹೆಣ್ಣುದನಿ ಒಂದೇ. ಮುಖ ಅವನು ನೋಡಿರಲಿಲ್ಲ. ಉಳಿದೆಲ್ಲ ವಿಮಾನಗಳಿಗೆ ಕರಾರುವಾಕ್ಕಾಗಿರುತ್ತಿದ್ದ ಅವನ ಲೆಕ್ಕ ಈ ಒಂದಕ್ಕೆ ಮಾತ್ರ ಸರಿಯಾಗಿ ಮೂರು ನಿಮಿಷ ತಪ್ಪುತ್ತಿತ್ತು. ಗಾಳಿಯ ನೆಪ ಹೇಳುವ ತಿದ್ದುಪಡಿಗೆ ಒಂದು ವಾಕ್ಯ ಸಾಕು. ಆಮೇಲೆ ಅವಳ ನೆಗಡಿ, ಅವನ ಅಮ್ಮನ ಮಂಡಿನೋವು, ಎರಡೂ ಕಡೆಯ ಕೆಟ್ಟ ಚಹಾ ಮಾತಿಗೆ ಬರುತ್ತಿದ್ದವು.

ನಾಳೆಯಿಂದ ಆ ಲೆಕ್ಕವನ್ನು ಕಂಪ್ಯೂಟರೇ ಕಳಿಸುತ್ತದೆ. ಫೋನಿನ ಅಗತ್ಯವಿರುವುದಿಲ್ಲ.

"ಏನಯ್ಯಾ, ಫೋನಿಗೆ ಕಾವು ಕೊಡ್ತಾ ಕೂತಿದ್ದೀಯಾ?" ಹಿಂದಿನ ಕುರ್ಚಿಯಿಂದ ಹಿರಿಯ ಕಂಟ್ರೋಲರ್ ಕೇಳಿದರು.

ಅವನು ಫೋನ್ ಎತ್ತಿದ. "ಹೊರಟಿತು. ಐವತ್ತೆರಡು ನಿಮಿಷ."

"ಐವತ್ತೆರಡು. ಬರ್ಕೊಂಡೆ," ಎಂದು ಅವಳು ಫೋನ್ ಇಟ್ಟಳು.

ಅಷ್ಟೇ, ಮುಗಿಯಿತು. ಅವನು ದುರ್ಬೀನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ರನ್‌ವೇ ದೀಪಗಳು ಹೊತ್ತಿಕೊಂಡವು. ವಿಮಾನ ಅಲ್ಲಿ ಇಳಿದಿರಬೇಕು ಎಂದುಕೊಳ್ಳುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಇಳಿದ ಮೇಲೆ ಆ ಕಡೆಯಿಂದ ಫೋನ್ ಮಾಡಬೇಕೆಂಬ ನಿಯಮವೇನೂ ಇರಲಿಲ್ಲ.

"ಏನ್ರೀ, ಮೈಗೆ ಹುಷಾರಿಲ್ವಾ?"

"ಯಾಕೆ?"

"ಹೇಳಿದ ನಿಮಿಷಕ್ಕೇ ಇಳೀತಲ್ಲ, ಗಾಬರಿಯಾಯ್ತು. ಹೋದ ತಿಂಗಳು ನೀವು ಒಂದಿನ ರಜೆ ಹಾಕಿದ್ರಲ್ಲ, ಅವತ್ತು ನಿಮ್ಮ ಹಿರಿಯರೂ ಹೀಗೇ ಸರಿಯಾಗಿ ಹೇಳಿದ್ರು. ಸಂಜೆಯೆಲ್ಲಾ ಬೇಜಾರು."

ಅವನ ಕಿವಿ ಬಿಸಿಯಾಯಿತು. "ನಿಮಗೆ ಗೊತ್ತಿತ್ತಾ?"

"ದಿನಾ ಅದೇ ಮೂರು ನಿಮಿಷ! ಪಾಪ, ಗಾಳಿ ಮೇಲೆ ಎಷ್ಟಂತ ಗೂಬೆ ಕೂರಿಸ್ತೀರಿ?" ಅವಳೇ ಮುಂದುವರಿಸಿದಳು: "ಒಂದ್ಸಲ ಈ ಕಡೆ ಬನ್ನಿ. ಐವತ್ತೆರಡೇ ನಿಮಿಷ ತಾನೇ?"

"ಐವತ್ತೈದು," ಎಂದ.

ಅವಳು ನಕ್ಕಿದ್ದು ಹಿಂದಿನ ಕುರ್ಚಿಯವರೆಗೂ ಕೇಳಿಸಿತು. ಹಿರಿಯರು ಲೋಟ ತೊಳೆಯುವ ನೆಪದಲ್ಲಿ ಎದ್ದುಹೋದರು.

ಹೋದ ತಿಂಗಳ ಆ ರಜೆಯ ದಿನ ತಾನು ಇದೇ ವಿಮಾನದಲ್ಲಿ ಅಲ್ಲಿಗೆ ಹೋಗಿ, ಅವಳ ಟವರಿನ ಗಾಜನ್ನು ಕೆಳಗಿನಿಂದ ನೋಡುತ್ತ ನಿಂತು, ಅದೇ ವಿಮಾನ ಹತ್ತಿ ವಾಪಸು ಬಂದಿದ್ದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.